ಇಪ್ಪತ್ತೊಂದು ಮಿಲಿಮೀಟರ್

ಎದುರುಮನೆ ಯಜಮಾನರ ಶೆಡ್ಡಿನಲ್ಲಿ ನಾನು ಮೊದಲು ಕಲಿತ ಕೆಲಸ ತಾಮ್ರ ಗೀರುವುದು. ಎರಡು ಬೆರಳಗಲದಷ್ಟು ಉದ್ದದ ಪಟ್ಟಿ, ಮೇಲೆ ತಾಮ್ರದ ತೆಳು ಲೇಪ. ಮಾಡೆಲ್ ರೈಲಿನ ಲೆಕ್ಕದಲ್ಲಿ ಅದೇ ಸ್ಲೀಪರು. ಅಂಥ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ಮೇಲೆ ಹಳಿಯಿಟ್ಟು, ಒಂದೊಂದಕ್ಕೂ ಬೆಸುಗೆ ಹಾಕುತ್ತಾ ಹೋಗಬೇಕು. ಎಂಜಿನ್ನಿಗೆ ಬೇಕಾದ ಕರೆಂಟು ಹಳಿಯಲ್ಲೇ ಬರುತ್ತದೆ. ಎಡಹಳಿಗೂ ಬಲಹಳಿಗೂ ಸಂಪರ್ಕ ಇರಕೂಡದು. ಅದಕ್ಕೇ ಪ್ರತಿ ಪಟ್ಟಿಯ ನಟ್ಟನಡುವೆ ಸಣ್ಣ ಅರದಿಂದ ಒಂದು ಗೀರು ಹಾಕಿ ತಾಮ್ರವನ್ನು ಎರಡು ಪಾಲು ಮಾಡಬೇಕು. ಒಂದು ಪಟ್ಟಿ ತಪ್ಪಿದರೂ ಇಡೀ ಲೈನು ಶಾರ್ಟ್.

2003ರ ಫೆಬ್ರುವರಿಯ ಒಂದು ಶನಿವಾರ ನಾಲ್ಕಡಿ ಹಳಿ ಮುಗಿಸಿ, ಎಂಜಿನ್ ಇಟ್ಟು, ಗುಂಡಿ ತಿರುಗಿಸಿದೆ. ಅದು ಮಿಸುಕಲಿಲ್ಲ. ಯಜಮಾನರು ಏನೂ ಅನ್ನಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗಿತ್ತು ಟೀ ಮಾಡಲು ಒಳಗೆ ಹೋದರು. ನೂರಿಪ್ಪತ್ತು ಪಟ್ಟಿ. ಒಂದೊಂದನ್ನೂ ನೋಡುತ್ತಾ ಬಂದೆ. ಗೀರು ಎಲ್ಲಕ್ಕೂ ಹಾಕಿದ್ದೆ. ಆದರೆ ಒಂದರಲ್ಲಿ ಅಂಚಿನ ಹತ್ತಿರ ಕೂದಲೆಳೆಯಷ್ಟು ತಾಮ್ರ ಉಳಿದುಕೊಂಡಿತ್ತು. ಅಲ್ಲಿ ಇನ್ನೊಂದು ಸಲ ಅರ ಆಡಿಸಿದೆ. ಅವರು ಟೀ ತರುವ ಹೊತ್ತಿಗೆ ಎಂಜಿನ್ ಶೆಡ್ಡಿನ ಬಾಗಿಲ ತನಕ ಹೋಗಿ ನಿಂತಿತ್ತು.

ಆ ಎರಡು ಹಳಿಗಳ ನಡುವಿನ ಅಂತರ 21 ಮಿಲಿಮೀಟರ್. ಈ 21ರ ವಿಷಯ ಬಿಟ್ಟು ನನ್ನ ಐರ್ಲೆಂಡಿನ ದಿನಗಳನ್ನು ಹೇಳಲು ನನಗೆ ಬರುವುದಿಲ್ಲ.

ನಾನು ಬೀರೂರಿನವಳು. ಅಪ್ಪ ಬೀರೂರು ಜಂಕ್ಷನ್ನಿನಲ್ಲಿ ಕ್ಯಾಬಿನ್‌ಮ್ಯಾನ್ ಆಗಿದ್ದರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಲೈನು, ಅಲ್ಲಿ ಕವಲೊಡೆದು ಶಿವಮೊಗ್ಗಕ್ಕೆ ಹೋಗುವ ಲೈನು, ಎರಡೂ ಆಗ ಮೀಟರ್‌ಗೇಜು. ಸ್ಕೂಲಿಗೆ ರಜೆ ಇದ್ದ ದಿನ ಊಟದ ಡಬ್ಬಿ ಒಯ್ಯುವುದು ನನ್ನ ಪಾಲಿನ ಕೆಲಸ. ಮೆಟ್ಟಿಲು ಹತ್ತಿ ಕ್ಯಾಬಿನ್ನಿನೊಳಗೆ ಕಾಲಿಟ್ಟರೆ ನನ್ನೆತ್ತರದ ಲಿವರುಗಳ ಸಾಲು. ಸಿಗ್ನಲ್ಲಿನವು ಕೆಂಪು, ಪಾಯಿಂಟಿನವು ಕಪ್ಪು, ಲಾಕಿನವು ನೀಲಿ. ಮೇಲಿನ ಹಿಡಿ ಮಾತ್ರ ಬಣ್ಣವಿಲ್ಲದ ಉಕ್ಕು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ. ಅಪ್ಪನ ಹೆಗಲ ಮೇಲೆ ಸದಾ ಒಂದು ಕೆಂಪು ಚೌಕಳಿಯ ಚೌಕ. ಅದನ್ನು ಹಿಡಿಗೆ ಸುತ್ತಿ, ಒಂದು ಕಾಲು ಮುಂದಿಟ್ಟು, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆಯುತ್ತಿದ್ದರು. “ಕೈಬೆವರು ತಾಗಿದ್ರೆ ಬೆಳಗಾಗೋದ್ರೊಳಗೆ ತುಕ್ಕು ಕಣವ್ವ” ಅನ್ನುತ್ತಿದ್ದರು. ಎಲ್ಲೋ ದೂರದಲ್ಲಿ ಕೈಮರ ಬೀಳುತ್ತಿತ್ತು. ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಬಂತು, ಹಳೆಯ ಹಳಿ ಕಿತ್ತರು. ಅಪ್ಪ ರಿಟೈರಾದರು.

ನಾನು ನರ್ಸಿಂಗ್ ಓದಿ 2002ರಲ್ಲಿ ಡಬ್ಲಿನ್ನಿಗೆ ಬಂದೆ. ಆಗ ಐರ್ಲೆಂಡಿನ ಆಸ್ಪತ್ರೆಗಳಿಗೆ ನರ್ಸುಗಳು ಸಾಲುತ್ತಿರಲಿಲ್ಲ. ನಮ್ಮ ದೇಶದಿಂದ, ಫಿಲಿಪ್ಪೀನ್ಸಿನಿಂದ ಕರೆಸಿಕೊಳ್ಳುತ್ತಿದ್ದರು. ಊರಿನ ದಕ್ಷಿಣಕ್ಕೆ ಸ್ಟಿಲ್ಲೋರ್ಗನ್ ಎಂಬ ಕಡೆ ಬಾಡಿಗೆ ಮನೆ ಸಿಕ್ಕಿತು. ಅಲ್ಲಿಂದ 46ಎ ನಂಬರಿನ ಡಬಲ್ ಡೆಕರ್. ಮೊದಲ ವಾರ ಬಸ್ಸುಗಳ ಹಣೆಯ ಮೇಲೆ ‘ಅನ್ ಲಾರ್’ ಎಂದು ಕಂಡು, ಇಷ್ಟು ಬಸ್ಸು ಹೋಗುವ ಆ ಊರು ಯಾವುದಿರಬಹುದು ಎಂದು ಯೋಚಿಸುತ್ತಿದ್ದೆ. ಐರಿಷ್ ಭಾಷೆಯಲ್ಲಿ ಹಾಗೆಂದರೆ ನಡು, ಊರಿನ ನಡುಭಾಗ. ಚಿಲ್ಲರೆ ಸರಿಯಾಗಿ ಹಾಕಬೇಕಿತ್ತು. ಹೆಚ್ಚು ಹಾಕಿದರೆ ಡ್ರೈವರ್ ಬಾಕಿ ಕೊಡುತ್ತಿರಲಿಲ್ಲ, ಒಂದು ಚೀಟಿ ಕೊಡುತ್ತಿದ್ದರು, ಅದನ್ನು ಓಕಾನಲ್ ಸ್ಟ್ರೀಟಿನ ಆಫೀಸಿಗೆ ಒಯ್ದು ದುಡ್ಡು ಪಡೆಯಬೇಕಿತ್ತು. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಸ್ಕೂಲು ಮಕ್ಕಳಿಂದ ಹಿಡಿದು ಕೋಲೂರಿ ನಡೆಯುವ ಅಜ್ಜಿಯರ ತನಕ. ನನಗೆ ಆ ಊರು ಮೊದಲು ಹಿಡಿಸಿದ್ದೇ ಅದಕ್ಕೆ.

ರಾತ್ರಿಪಾಳಿ ಮುಗಿಸಿ ಬರುವಾಗ ಮೇಲಿನ ಅಂತಸ್ತಿನ ಮುಂದಿನ ಸೀಟು ನನ್ನದು. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಹಿರಿಯರನ್ನು ಗಮನಿಸಿದೆ. ಬಸ್ಸು ಸ್ಟಾಪಿಗೆ ಸಮೀಪಿಸಿದಾಗಲೆಲ್ಲ ಅವರ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ನಿಂತ ಮೇಲೆ ಕಾಲು ಸಡಿಲ. ಮತ್ತೆ ಸ್ಟಾಪು ಬಂದಾಗ ಮತ್ತೆ ಒತ್ತು. ಕೇಳಿಯೇಬಿಟ್ಟೆ, ನೀವು ಡ್ರೈವರ್ ಆಗಿದ್ದಿರಾ ಎಂದು. ಮೂವತ್ತು ವರ್ಷ, ಹೆಚ್ಚು ದಿನ ಇದೇ ರೂಟು ಎಂದರು. ಇಳಿದ ಮೇಲೆ ನೋಡಿದರೆ ಎದುರುಮನೆ. ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು, ಹಿತ್ತಲಿನ ಶೆಡ್ಡೇ ಅವರ ಪ್ರಪಂಚ. ಮೊದಲ ಸಲ ಒಳಗೆ ಕರೆದಾಗ ಮೇಜಿನ ಮೇಲೆ ಆರ್ಟರಿ ಫೋರ್ಸೆಪ್ಸ್ ಕಂಡಿತು. ಆಪರೇಷನ್ ಥಿಯೇಟರಿನಲ್ಲಿ ರಕ್ತನಾಳ ಹಿಡಿಯುವ ಆ ಚಿಮುಟವನ್ನು ಅವರು ತಂತಿ ಹಿಡಿಯಲು ಬಳಸುತ್ತಿದ್ದರು. ನಾನು ಅದನ್ನು ಎತ್ತಿ, ಅಭ್ಯಾಸಬಲದಿಂದ ಬೆರಳು ತೂರಿಸಿ, ಒಂದು ಹಿಡಿ ತಂತಿ ಎತ್ತಿಟ್ಟೆ. ಮುಂದಿನ ಶನಿವಾರದಿಂದ ನನಗೂ ಒಂದು ಸ್ಟೂಲು.

ಅವರು ಕಟ್ಟುತ್ತಿದ್ದುದು ಸ್ಟಿಲ್ಲೋರ್ಗನ್ ಸ್ಟೇಷನ್ನನ್ನು. ಹಾರ್ಕೋರ್ಟ್ ಸ್ಟ್ರೀಟ್ ಲೈನ್ ಎಂದು ಊರಿನ ನಡುವಿನಿಂದ ನಮ್ಮ ಬಡಾವಣೆಯ ಪಕ್ಕದಲ್ಲೇ ಬ್ರೇ ಪಟ್ಟಣದ ಕಡೆಗೆ ಒಂದು ರೈಲುದಾರಿ ಇತ್ತು. 1958ರ ಡಿಸೆಂಬರ್ 31ರಂದು ಅದನ್ನು ಮುಚ್ಚಿದರು. ಅವರಿಗಾಗ ಇಪ್ಪತ್ತು ವರ್ಷ, ಆ ಸಂಜೆ ಅವರು ಗಾಡಿಯಲ್ಲಿದ್ದರು. ಶೆಡ್ಡಿನ ಮೇಜಿನ ಮೇಲೆ ಮಾತ್ರ ಲೈನು ಮುಚ್ಚಿರಲಿಲ್ಲ. ಅಲ್ಲಿ 1975ನೇ ಇಸವಿ. ಕಿತ್ತಳೆ ಮತ್ತು ಕಪ್ಪು ಬಣ್ಣದ ಡೀಸೆಲ್ ಎಂಜಿನ್ ಗಾಡಿ ಎಳೆಯುತ್ತಿದೆ, ರಸ್ತೆಯಲ್ಲಿ 46ಎ ನಿಂತಿದೆ. ಈ ಮೇಜಿನ ಮೇಲೆ ಒಂದೇ ಒಂದು ಸುಳ್ಳಿದೆ, ಲೈನು ಉಳಿದುಕೊಂಡಿತು ಎನ್ನುವುದು. ಆ ಸುಳ್ಳು ನಿಲ್ಲಬೇಕಾದರೆ ಉಳಿದದ್ದೆಲ್ಲ ನಿಜವಾಗಿರಬೇಕು ಎನ್ನುತ್ತಿದ್ದರು. ದೀಪದ ಕಂಬದ ಎತ್ತರ, ಪ್ಲಾಟ್‌ಫಾರಂ ಅಂಚಿನ ಕಲ್ಲಿನ ಅಗಲ, ಎಲ್ಲಕ್ಕೂ ಹಳೆಯ ಫೋಟೊ ಸಾಕ್ಷಿ ಬೇಕು.

ಈಗ 21ರ ಮಾತು. ಐರ್ಲೆಂಡಿನ ಮೊದಲ ರೈಲು 1834ರ ಡಿಸೆಂಬರಿನಲ್ಲಿ ಡಬ್ಲಿನ್ನಿನ ವೆಸ್ಟ್‌ಲ್ಯಾಂಡ್ ರೋದಿಂದ ಕಿಂಗ್ಸ್‌ಟೌನಿಗೆ ಓಡಿತು. ಆ ಕಿಂಗ್ಸ್‌ಟೌನೇ ಇವತ್ತಿನ ಡನ್ ಲೀರಿ. ಆ ಕಂಪನಿ ಇಂಗ್ಲೆಂಡಿನ ಅಳತೆಯನ್ನೇ ಹಿಡಿಯಿತು, 4 ಅಡಿ 8½ ಅಂಗುಲ. ಉತ್ತರದ ಅಲ್ಸ್ಟರ್ ರೈಲ್ವೆ 6 ಅಡಿ 2 ಅಂಗುಲ ಇಟ್ಟುಕೊಂಡಿತು. ಡಬ್ಲಿನ್ನಿನಿಂದ ಡ್ರಾಹೆಡಾಗೆ ಹೋಗುವವರು 5 ಅಡಿ 2 ಅಂಗುಲ ಎಂದರು. ಚಿಕ್ಕ ದ್ವೀಪ, ಮೂರು ಅಳತೆ. ಜಗಳ ಬಿಡಿಸಲು ಬಂದ ಮೇಜರ್ ಜನರಲ್ ಪ್ಯಾಸ್ಲಿ ಎಂಬ ಅಧಿಕಾರಿ ಯಾರ ಅಳತೆಯನ್ನೂ ಒಪ್ಪದೆ ನಡುವಿನ ಒಂದನ್ನು ಸೂಚಿಸಿದ, 5 ಅಡಿ 3 ಅಂಗುಲ. 1846ರ ಕಾನೂನು ಅದನ್ನೇ ಗಟ್ಟಿ ಮಾಡಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ, ಬ್ರೆಜಿಲ್‌ಗಳಲ್ಲೂ ಈ ಅಳತೆ ಇದೆ, ಆದರೆ ಲೋಕದಲ್ಲಿ ಇದಕ್ಕೆ ಹೆಸರು ಐರಿಷ್ ಗೇಜ್ ಎಂದೇ.

ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಹೆಚ್ಚಿನವರು ಆಡುವ ಮಾಡೆಲ್ಲು ‘ಓಓ’. ಒಂದು ಅಡಿಗೆ 4 ಮಿಲಿಮೀಟರ್, ಅಂದರೆ ನಿಜದ 76ರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಐರಿಷ್ ಹಳಿಗಳ ನಡುವೆ 21 ಮಿಲಿಮೀಟರ್ ಇರಬೇಕು. ಅಂಗಡಿಯಲ್ಲಿ ಸಿಗುವ ಹಳಿ 16.5. ಅದು ಇಂಗ್ಲೆಂಡಿನ ಅಳತೆಗೇ ಕಿರಿದು. ಐರ್ಲೆಂಡಿನ ರೈಲನ್ನು ಅದರ ಮೇಲಿಟ್ಟರೆ ನಿಜದ ಲೆಕ್ಕದಲ್ಲಿ ಒಂದಡಿಗೂ ಹೆಚ್ಚು ಕಿರಿದಾದ ದಾರಿಯಲ್ಲಿ ಓಡಿಸಿದ ಹಾಗೆ. ಎದುರಿನಿಂದ ನೋಡಿದರೆ ತಿಳಿಯುತ್ತದೆ, ದಪ್ಪ ಮನುಷ್ಯ ಕಾಲು ಜೋಡಿಸಿಕೊಂಡು ನಿಂತ ಹಾಗಿರುತ್ತದೆ. ನಾನು ಬಂದ ಕಾಲದಲ್ಲಿ ಎಂಜಿನ್ನುಗಳ ಪಾಡೂ ಹೆಚ್ಚುಕಡಿಮೆ ಹೀಗೇ. ಐರಿಷ್ ಎಂಜಿನ್ನೆಂದು ಅಂಗಡಿಯಲ್ಲಿ ಮಾರುತ್ತಿದ್ದದ್ದು ಎಷ್ಟೋ ಸಲ ಬ್ರಿಟಿಷ್ ಎಂಜಿನ್, ಮೇಲೆ ಐರ್ಲೆಂಡಿನ ಬಣ್ಣ. ನಿಜವಾದದ್ದು ಬೇಕೆಂದರೆ ಹಿತ್ತಾಳೆ ತಗಡಿನ ಕಿಟ್ ತಂದು ಸ್ವತಃ ಕತ್ತರಿಸಿ, ಮಡಿಸಿ, ಬೆಸೆದು ಮಾಡಿಕೊಳ್ಳಬೇಕು. ಆಮೇಲೆ ಮರ್ಫಿ ಮಾಡೆಲ್ಸ್‌ನವರು 141, 071, 201 ವರ್ಗದ ಎಂಜಿನ್ನುಗಳನ್ನು ಅಚ್ಚುಕಟ್ಟಾಗಿ ಮಾಡಿಸಿ ತಂದರು. ಐರಿಷ್ ರೈಲ್ವೆ ಮಾಡೆಲ್ಸ್ ಎಂಬವರು ಜಲ್ಲಿ ವ್ಯಾಗನ್, ಸಿಮೆಂಟಿನ ಗುಂಡನೆ ವ್ಯಾಗನ್ ತಂದರು. ಅವು ಕೈಗೆ ಬಂದಾಗ ಈ ಮಾಡೆಲ್ ರೈಲಿನ ಜನ ಪಟ್ಟ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಮ್ಮೂರಿನ ಎಂಜಿನ್ನಿಗೆ ಕೊನೆಗೂ ತಮ್ಮೂರಿನ ಮುಖ ಬಂತು ಎಂಬ ಸಂತೋಷ ಅದು. ಯಜಮಾನರು ಆ ಎಂಜಿನ್ನುಗಳನ್ನೂ ಕೊಂಡರು. ಕೊಂಡ ದಿನವೇ ಗಾಲಿ ಬಿಚ್ಚಿ 21ಕ್ಕೆ ಅಗಲ ಮಾಡಿದರು.

ಒಂದು ದಿನ ನಮ್ಮ ದೇಶದ್ದು ಎಷ್ಟು ಎಂದು ಕೇಳಿದರು. 5 ಅಡಿ 6 ಅಂಗುಲ ಎಂದೆ. ಹಾಗಾದರೆ 22 ಎಂದರು. ಅಷ್ಟೇ ಅಂತರ, ಒಂದು ಮಿಲಿಮೀಟರ್. ನಮ್ಮಪ್ಪನದು ಅದಲ್ಲ, ಮೀಟರ್‌ಗೇಜು ಎಂದೆ. ಚೀಟಿಯೊಂದರ ಮೇಲೆ ಭಾಗಾಕಾರ ಮಾಡಿ 13 ಎಂದು ಬರೆದರು. ಪಕ್ಕದಲ್ಲೇ 12 ಎಂದು ಬರೆದು ಗೆರೆ ಎಳೆದರು. ಡನಗಾಲ್, ವೆಸ್ಟ್ ಕ್ಲೇರ್ ಕಡೆ ಓಡುತ್ತಿದ್ದ ಸಣ್ಣ ರೈಲುಗಳು ಮೂರು ಅಡಿಯವು, 4 ಮಿಲಿಮೀಟರಿನ ಲೆಕ್ಕಕ್ಕೆ 12. ಡನಗಾಲಿನದು 1959ರ ಕೊನೆಗೆ, ವೆಸ್ಟ್ ಕ್ಲೇರಿನದು 1961ರಲ್ಲಿ ನಿಂತುಹೋದವು. ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು, ಎರಡರಲ್ಲೂ ನಮಗೂ ಅವರಿಗೂ ಒಂದೇ ಮಿಲಿಮೀಟರಿನ ಫರಕು. ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ.

ಶಬ್ದದ ವಿಷಯವನ್ನೂ ಹೇಳಬೇಕು. ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿನಲ್ಲಿ ಕಾರ್ಕ್ ಗಾಡಿಗೆ 201 ವರ್ಗದ ಎಂಜಿನ್ ಕಟ್ಟುತ್ತಿದ್ದರು. ಕೆನಡಾದಲ್ಲಿ ಜನರಲ್ ಮೋಟರ್ಸ್ ಮಾಡಿದ್ದು, ಒಟ್ಟು 34. ಮೊದಲನೆಯದನ್ನು 1994ರಲ್ಲಿ ಆಂಟೊನೊವ್ ವಿಮಾನದ ಹೊಟ್ಟೆಯಲ್ಲಿಟ್ಟು ತಂದರು. ನೂರು ಟನ್ನಿಗೂ ಮೇಲಿನ ಎಂಜಿನ್ ಹಾರಿಕೊಂಡು ಬಂದು ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಪ್ರತಿ ಎಂಜಿನ್ನಿಗೂ ಒಂದು ನದಿಯ ಹೆಸರು, ಒಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ, ಇನ್ನೊಂದು ಮಗ್ಗುಲಲ್ಲಿ ಐರಿಷಿನಲ್ಲಿ. ನಿಂತಲ್ಲೇ ನಿಂತಾಗ ಅದರದು ಒಂದು ದಪ್ಪ ಗುಂಯ್‌ಗುಡುವಿಕೆ; ಹೊರಟಾಗ ಅದು ಮೇಲೇರಿ ಒಂದು ತಾರಕಕ್ಕೆ ಹೋಗಿ ನಿಲ್ಲುತ್ತದೆ. 2004ರಲ್ಲಿ ರಜೆಗೆ ಬಂದು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಮಲಗಿದ್ದೆ. ನಡುರಾತ್ರಿ ಅದೇ ಶಬ್ದ ಕೇಳಿ ಎದ್ದು ಕೂತೆ. ಒಂದು ಕ್ಷಣ ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಹುಬ್ಬಳ್ಳಿ ಶೆಡ್ಡಿನಲ್ಲಿದ್ದ ಡಬ್ಲ್ಯುಡಿಜಿ-4 ಎಂಜಿನ್ನುಗಳೂ ಜನರಲ್ ಮೋಟರ್ಸಿನವೇ, ಅದೇ 710 ಕುಲದ ಎರಡು ಸ್ಟ್ರೋಕಿನ ಡೀಸೆಲ್. ಹ್ಯೂಸ್ಟನ್ನಿನದಕ್ಕೆ 12 ಸಿಲಿಂಡರು, ಹುಬ್ಬಳ್ಳಿಯದಕ್ಕೆ 16. ಅದಿರು ಹೊತ್ತು ವಾಸ್ಕೊ ಕಡೆಗೆ ಹೊರಟಿದ್ದ ಗಾಡಿ ಅದು. ಪೂರ್ತಿ ಕೇಳಿ ಮುಗಿಯುವ ತನಕ ನಾನು ಮಲಗಲಿಲ್ಲ.

ಅದಕ್ಕೆ ಹಿಂದಿನ ವರ್ಷ, 2003ರ ಬೇಸಿಗೆಯಲ್ಲಿ, ಯಜಮಾನರು ನನ್ನನ್ನು ಒಂದು ದಿನದ ಪ್ರಯಾಣಕ್ಕೆ ಕರೆದುಕೊಂಡು ಹೋಗಿದ್ದರು. ಹ್ಯೂಸ್ಟನ್ನಿನಿಂದ ಕಾರ್ಕ್ ಗಾಡಿ ಹತ್ತಿ ಲಿಮರಿಕ್ ಜಂಕ್ಷನ್ನಿನಲ್ಲಿ ಇಳಿದೆವು. ಹೆಸರು ಲಿಮರಿಕ್, ಇರುವುದು ಟಿಪ್ಪರೇರಿ ಜಿಲ್ಲೆಯಲ್ಲಿ, ಸುತ್ತ ಬರೀ ಹುಲ್ಲುಗಾವಲು. ಡಬ್ಲಿನ್–ಕಾರ್ಕ್ ಲೈನನ್ನು ಲಿಮರಿಕ್–ವಾಟರ್‌ಫರ್ಡ್ ಲೈನು ಇಲ್ಲಿ ನೆಲಮಟ್ಟದಲ್ಲೇ ಹೆಚ್ಚುಕಡಿಮೆ ನೇರಡ್ಡವಾಗಿ ದಾಟುತ್ತದೆ. ಅರವತ್ತರ ದಶಕದ ತನಕ ಇಲ್ಲಿ ನಿಲ್ಲುವ ದೊಡ್ಡ ಗಾಡಿಗಳೆಲ್ಲ ಸ್ಟೇಷನ್ನನ್ನು ದಾಟಿ ಮುಂದೆ ಹೋಗಿ, ಆಮೇಲೆ ಹಿಂದಕ್ಕೆ ಬಂದು ಪ್ಲಾಟ್‌ಫಾರಂ ಸೇರಬೇಕಿತ್ತು. ಬೀರೂರಿನಲ್ಲಿ ಹುಟ್ಟಿದವಳಿಗೂ ಇಂಥ ಜಂಕ್ಷನ್ ಹೊಸದು.

ಅಲ್ಲಿಂದ ವಾಟರ್‌ಫರ್ಡ್ ಕಡೆಗೆ ದಿನಕ್ಕೆರಡೇ ಗಾಡಿ, ಭಾನುವಾರ ಅದೂ ಇಲ್ಲ. ಗಾಡಿ ಎಂದರೆ ಒಂದು 141 ಎಂಜಿನ್, ಹಿಂದೆ ಎರಡು ಹಳೆಯ ಕ್ರೇವನ್ಸ್ ಬೋಗಿ. 1962ರಲ್ಲಿ ಅಮೆರಿಕದಿಂದ ಬಂದ 37 ಎಂಜಿನ್ನುಗಳಲ್ಲಿ ಅದೊಂದು. ಟಿಪ್ಪರೇರಿ, ಕೇರ್, ಕ್ಲಾನ್ಮೆಲ್, ಕ್ಯಾರಿಕ್, ಹೀಗೆ ಸ್ಟೇಷನ್ನುಗಳು. ಪ್ರತಿ ಕಡೆಯೂ ಕ್ಯಾಬಿನ್ನಿನಿಂದ ಒಬ್ಬರು ಇಳಿದು ಬಂದು ಡ್ರೈವರಿನ ಕೈಗೆ ಬಳೆಯೊಂದನ್ನು ಕೊಟ್ಟು ಇನ್ನೊಂದನ್ನು ಇಸಿದುಕೊಳ್ಳುತ್ತಿದ್ದರು. ಒಂಟಿ ಲೈನಿನಲ್ಲಿ ಅದೇ ಅಪ್ಪಣೆ ಚೀಟಿ. ಅದು ಕೈಯಲ್ಲಿಲ್ಲದೆ ಗಾಡಿ ಹೊರಡುವಂತಿಲ್ಲ. ನಮ್ಮಲ್ಲಿ ಬೆತ್ತದ ಬಳೆಯ ಚೀಲದಲ್ಲಿ ಉಕ್ಕಿನ ಗುಂಡು, ಅಲ್ಲಿ ಗುಂಡಿನ ಬದಲು ಲೋಹದ ಕೋಲು. ನಾನು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ನೋಡುತ್ತಿದ್ದೆ, ಎಂಟು ವರ್ಷದವಳ ಹಾಗೆ.

ಕೇರ್ ಎಂಬಲ್ಲಿ ಶೂರ್ ನದಿಗೆ ಕಟ್ಟಿದ ಎತ್ತರದ ಸೇತುವೆ ಬರುತ್ತದೆ. ಅದರ ಮೇಲೆ ಹೋಗುವಾಗ ಯಜಮಾನರು ಮಾತು ನಿಲ್ಲಿಸಿ ಕೆಳಗೆ ನೋಡಿದರು. 1955ರ ಡಿಸೆಂಬರಿನಲ್ಲಿ ಸಕ್ಕರೆ ಬೀಟ್ ಹೊತ್ತ ಗಾಡಿ ಇಲ್ಲೇ ನದಿಗೆ ಬಿದ್ದು ಎಂಜಿನ್ನಿನಲ್ಲಿದ್ದ ಇಬ್ಬರೂ ಸತ್ತಿದ್ದರು. ನಾವು ಹೋಗಿ ಬಂದ ಕೆಲವು ತಿಂಗಳಿಗೆ, ಅಕ್ಟೋಬರ್ 7ರಂದು, ಸಿಮೆಂಟಿನ ಗಾಡಿಯೊಂದು ಅದೇ ಸೇತುವೆಯ ಮೇಲೆ ಹಳಿ ತಪ್ಪಿ ಸೇತುವೆಯ ಒಂದು ಭಾಗವೇ ಕುಸಿಯಿತು. ಡ್ರೈವರಿಗೆ ಏನೂ ಆಗಲಿಲ್ಲ. ಟಿವಿಯಲ್ಲಿ ನದಿಯೊಳಗೆ ಒಂದರ ಮೇಲೊಂದು ಬಿದ್ದಿದ್ದ ಗುಂಡನೆ ವ್ಯಾಗನ್ನುಗಳನ್ನು ನೋಡಿ ರಾತ್ರಿಯೇ ರಸ್ತೆ ದಾಟಿ ಅವರ ಮನೆಗೆ ಹೋದೆ. ಎಷ್ಟೋ ಜನ ಅಂದುಕೊಂಡ ಹಾಗೆ ಅವರೂ ಲೈನು ಇನ್ನು ಮುಚ್ಚಿಹೋಯಿತೆಂದೇ ಅಂದುಕೊಂಡಿದ್ದರು. ಮುಚ್ಚಲಿಲ್ಲ. ದುರಸ್ತಿ ಮಾಡಿ 2004ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆದರು. ಬೀಟ್ ಗಾಡಿಗಳು ಮತ್ತೆ ಓಡಿದವು, ಆದರೆ ಎರಡೇ ಹಂಗಾಮು. 2006ರಲ್ಲಿ ಮ್ಯಾಲೋದ ಸಕ್ಕರೆ ಕಾರ್ಖಾನೆಯೇ ಬಾಗಿಲು ಹಾಕಿತು. ಮಂಡ್ಯದ ಕಡೆ ಕಬ್ಬಿನ ಹಂಗಾಮನ್ನು ನೋಡಿದವರಿಗೆ ಅದು ಎಂಥ ಮೌನ ಎಂದು ಹೇಳಬೇಕಾಗಿಲ್ಲ.

ಅದೇ 2004ರ ಜೂನ್ 30ರಂದು ಲುವಾಸ್ ಟ್ರಾಮ್ ಶುರುವಾಯಿತು. ಲುವಾಸ್ ಎಂದರೆ ಐರಿಷಿನಲ್ಲಿ ವೇಗ. ಬಹುಪಾಲು ಹಳೆಯ ಹಾರ್ಕೋರ್ಟ್ ಸ್ಟ್ರೀಟ್ ಲೈನಿನ ದಾರಿಯಲ್ಲೇ, ಮಿಲ್‌ಟೌನಿನ ಅದೇ ಒಂಬತ್ತು ಕಮಾನಿನ ಸೇತುವೆಯ ಮೇಲೆಯೇ ಬಂತು; ಸ್ಟಿಲ್ಲೋರ್ಗನ್ ಹೆಸರಿನ ಸ್ಟಾಪೂ ಬಂತು. ನಲವತ್ತೈದು ವರ್ಷ ಮುಳ್ಳುಕಂಟಿ ಬೆಳೆದಿದ್ದ ದಾರಿ. ಮೊದಲ ದಿನವೇ ಇಬ್ಬರೂ ಹೋದೆವು. ಸೇತುವೆ ದಾಟುವಾಗ ಅವರು ಕಿಟಕಿಗೆ ಹಣೆ ಒತ್ತಿ ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ಇಳಿದ ಮೇಲೆ ಹಳಿಯನ್ನೇ ನೋಡುತ್ತಾ ನಿಂತು, ಇದು ನಮ್ಮ ಅಳತೆಯಲ್ಲ ಎಂದರು. ಹೌದು, ಲುವಾಸಿನದು ಯುರೋಪಿನ ಟ್ರಾಮುಗಳ ಅಳತೆ, 4 ಅಡಿ 8½ ಅಂಗುಲ. ಅದರಿಂದ ಕಷ್ಟವೇನೂ ಇಲ್ಲ, ಟ್ರಾಮು ರೈಲಿನ ಹಳಿಗೆ ಹೋಗಬೇಕಾಗಿಯೂ ಇಲ್ಲ. ಆದರೂ ಅವರ ಸಂತೋಷದಲ್ಲಿ ಆ ಆರೂವರೆ ಅಂಗುಲ ಕೊನೆಯ ತನಕ ಚುಚ್ಚುತ್ತಲೇ ಇತ್ತು. ನನಗೆ ಅದು ಸರಿ ಎನಿಸುತ್ತದೆ. ದಾರಿ ಮರಳಿ ಬಂದರೂ ಏನು ಮರಳಿ ಬರಲಿಲ್ಲ ಎನ್ನುವುದನ್ನು ಯಾರಾದರೂ ಒಬ್ಬರು ನೆನಪಿಟ್ಟುಕೊಂಡಿರಬೇಕು.

ಬಸ್ಸುಗಳ ವಿಷಯಕ್ಕೆ ಅವರ ನೆನಪು ಇನ್ನೂ ಹರಿತ. 1966ರಿಂದ ಬಂದ ಲೇಲ್ಯಾಂಡ್ ಅಟ್ಲಾಂಟಿಯನ್, ಆಮೇಲೆ 1981ರಿಂದ ಶ್ಯಾನನ್ನಿನಲ್ಲೇ ತಯಾರಾದ ಬೊಂಬಾರ್ಡಿಯರ್, ಎರಡನ್ನೂ ಓಡಿಸಿದವರು. 1:76ರ ಅಟ್ಲಾಂಟಿಯನ್ ಮಾಡೆಲ್ ಒಂದನ್ನು ಕೊಂಡು, ಬಣ್ಣ ಪೂರ್ತಿ ತೆಗೆದು, ತಾವು ಓಡಿಸಿದ ಬಸ್ಸಿನ ಬಣ್ಣಕ್ಕೇ ತಂದರು. ಹಣೆಯ ಫಲಕ ಬರೆಯುವ ಕೆಲಸ ನನಗೆ ಕೊಟ್ಟರು. ಅಕ್ಷರ ಎಳ್ಳಿಗಿಂತ ಸಣ್ಣದು. ಭೂತಗನ್ನಡಿಯ ಕೆಳಗೆ ಮೂರು ರೋಮದ ಕುಂಚದಿಂದ ‘46ಎ’ ಎಂದೂ ಅದರ ಕೆಳಗೆ ಊರಿನ ಹೆಸರನ್ನು ಐರಿಷ್ ಕಾಗುಣಿತದಲ್ಲೂ ಬರೆದೆ. ಡನ್ ಲೀರಿಯ ಐರಿಷ್ ಕಾಗುಣಿತದಲ್ಲಿ ಬಾಯಿಗೆ ಬಾರದ ಅಕ್ಷರಗಳೇ ಹೆಚ್ಚು, ಆದರೆ ಸ್ವರದ ಮೇಲಿನ ಗೆರೆ ಬಿಟ್ಟರೆ ಅವರು ಒಪ್ಪುವುದಿಲ್ಲ. ಆ ದೇಶದಲ್ಲಿ ದಿನನಿತ್ಯ ಐರಿಷ್ ಮಾತಾಡುವವರು ಕಡಿಮೆ. ಆದರೆ ಸ್ಟೇಷನ್ನಿನ ಫಲಕದಲ್ಲಿ, ಬಸ್ಸಿನ ಹಣೆಯಲ್ಲಿ ಆ ಭಾಷೆ ಇದೆ. ರೈಲು ಸಂಸ್ಥೆಯ ಹೆಸರೇ ಇಯರ್ನ್‌ರೋಡ್ ಏರನ್, ಐರ್ಲೆಂಡಿನ ಕಬ್ಬಿಣದ ದಾರಿ. ನಮ್ಮ ಕಡೆಯ ಫಲಕಗಳ ನೆನಪಾಗಿ ನಾನು ಆ ಗೆರೆಯನ್ನು ಮೂರು ಸಲ ಅಳಿಸಿ ಬರೆದೆ. ನಿಜದ 46ಎ 2025ರ ಜನವರಿಯಲ್ಲಿ ನಿಂತಿತು, ಆ ರಸ್ತೆಗೆ ಈಗ ಇ2 ಎಂಬ ಬಸ್ಸು. ಮೇಜಿನ ಮೇಲಿನದು ಇನ್ನೂ ಸ್ಟಾಪಿನಲ್ಲಿ ನಿಂತೇ ಇದೆ.

ಮಲಾಹೈಡ್ ಕೋಟೆಗೂ ಒಮ್ಮೆ ಕರೆದೊಯ್ದಿದ್ದರು. ಸಿರಿಲ್ ಫ್ರೈ ಎಂಬಾತ ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಕೆಲಸ ಮುಗಿಸಿ ಮನೆಗೆ ಬಂದು, ಹಗಲು ಕಂಡ ಎಂಜಿನ್ನುಗಳನ್ನೇ ರಾತ್ರಿ ಕೈಯಲ್ಲಿ ಕಡೆದವರು. ಜೀವಮಾನವಿಡೀ ಮಾಡಿದ ಆ ರೈಲು, ಟ್ರಾಮುಗಳು 1988ರಿಂದ ಆ ಕೋಟೆಯಲ್ಲಿದ್ದವು. 2010ರಲ್ಲಿ ಅಲ್ಲಿಂದ ತೆಗೆದು, ಹತ್ತು ವರ್ಷದ ಮೇಲೆ ಅದೇ ಊರಿನ ಕ್ಯಾಸಿನೊ ಎಂಬ ಹಳೆಯ ಮನೆಯಲ್ಲಿ ಮತ್ತೆ ಇಟ್ಟಿದ್ದಾರೆ. ಗಾಜಿನಾಚೆ ಒಂದು ಸಣ್ಣ ಟ್ರಾಮಿನ ಮೆಟ್ಟಿಲನ್ನು ನೋಡುತ್ತಾ ಯಜಮಾನರು ಕಾಲು ಗಂಟೆ ನಿಂತಿದ್ದು ನೆನಪಿದೆ.

2006ರ ಬೇಸಿಗೆಯಲ್ಲಿ ನನ್ನ ಮಗುವನ್ನು ನೋಡಿಕೊಳ್ಳಲೆಂದು ಅಪ್ಪ ಅಮ್ಮ ಮೂರು ತಿಂಗಳು ಬಂದರು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಹೋಮ್, ಸ್ಟಾರ್ಟರ್, ಡಿಸ್ಟಂಟ್, ಪಾಯಿಂಟ್, ಲಾಕ್, ಲೈನ್ ಕ್ಲಿಯರ್ ಬರುತ್ತಿತ್ತು. ಯಜಮಾನರ ಜತೆ ಒಂದು ದಿನ ಕಳೆಯಲು ಅಷ್ಟು ಸಾಕಾಯಿತು. ನಾವು ಮೂವರೂ ವಾಟರ್‌ಫರ್ಡಿಗೆ ಹೋದೆವು. ಅಲ್ಲಿಯ ಸಿಗ್ನಲ್ ಕ್ಯಾಬಿನ್ ಹಳಿಗಳ ಮೇಲೇ ಸೇತುವೆಯ ಹಾಗೆ ನಿಂತಿತ್ತು, ಗಾಡಿಗಳು ಅದರ ಕೆಳಗೆ ನುಸುಳಿ ಹೋಗುತ್ತಿದ್ದವು. ಒಳಗೆ ಬಿಡುತ್ತಿರಲಿಲ್ಲ. ಅಪ್ಪ ಪ್ಲಾಟ್‌ಫಾರಂ ತುದಿಗೆ ಹೋಗಿ, ಕೈ ಹಿಂದೆ ಕಟ್ಟಿ, ತಲೆ ಓರೆ ಮಾಡಿ ನಿಂತರು. ಮೇಲಿನಿಂದ ಧಡಕ್ ಎಂದು ಶಬ್ದ ಬಂತು. “ಪಾಯಿಂಟು” ಎಂದರು. ಇನ್ನೊಂದು, ಸ್ವಲ್ಪ ಮೆತ್ತಗೆ. “ಲಾಕು.” ಮೂರನೆಯದಕ್ಕೆ ಮಾತಾಡದೆ ಬೆರಳು ತೋರಿಸಿದರು. ಆಚೆ ತುದಿಯಲ್ಲಿ ಕೈಮರ ಬಿತ್ತು. ಹನ್ನೆರಡು ವರ್ಷದಿಂದ ಆ ಶಬ್ದ ಕೇಳಿರದ ಮನುಷ್ಯ.

ಮಾರನೆಯ ದಿನ ಶೆಡ್ಡಿಗೆ ಬಂದರು. ಯಜಮಾನರು ಮೇಜಿನ ಮೇಲಿನ ಸ್ಟಿಲ್ಲೋರ್ಗನ್ ಕ್ಯಾಬಿನ್ನಿನ ಮಾಡನ್ನು ಫೋರ್ಸೆಪ್ಸಿನಿಂದ ಎತ್ತಿ ಪಕ್ಕಕ್ಕಿಟ್ಟು ಒಳಗೆ ದೀಪ ಬಿಟ್ಟರು. ಬೆರಳುಗುರಿನಷ್ಟು ಎತ್ತರದ ಲಿವರುಗಳು, ಕೆಂಪು, ಕಪ್ಪು, ನೀಲಿ. ಗಡಿಯಾರ, ಒಲೆ, ಕುರ್ಚಿ, ಗಂಟೆಯ ಪೆಟ್ಟಿಗೆ. ಅಪ್ಪ ಕನ್ನಡಕ ಏರಿಸಿ, ಉಸಿರು ತಾಗಿ ಏನಾದರೂ ಬಿದ್ದೀತೆಂದು ಬಾಯಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದರು.

“ಎಲ್ಲಾ ಸರಿಯಾಗೈತೆ ಕಣವ್ವ” ಎಂದರು. “ಚೌಕ ಎಲ್ಲಿ?”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯಜಮಾನರು ಅಪ್ಪನ ಮುಖ ನೋಡಿದರು, ಕ್ಯಾಬಿನ್ನಿನೊಳಗೆ ನೋಡಿದರು, ಏನೂ ಹೇಳದೆ ಸ್ಟೂಲಿನ ಮೇಲೆ ಕೂತರು. ಅವರ ದೇಶದ ಕ್ಯಾಬಿನ್‌ಮ್ಯಾನುಗಳೂ ಬಟ್ಟೆ ಹಿಡಿದೇ ಲಿವರ್ ಎಳೆಯುತ್ತಿದ್ದರು. ನೂರಾರು ಫೋಟೊ ನೋಡಿದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಹಾಕಬೇಕೆಂದು ತೋಚಿರಲಿಲ್ಲ, ಅಷ್ಟೇ. ಅಪ್ಪ ಹೆಗಲ ಮೇಲಿನ ಚೌಕದ ಅಂಚನ್ನು ಅವರ ಮುಂದೆ ಹಿಡಿದು ಕತ್ತರಿಯ ಸನ್ನೆ ಮಾಡಿದರು. ಯಜಮಾನರು ಅದನ್ನು ಭೂತಗನ್ನಡಿಯಲ್ಲಿ ನೋಡಿ ತಲೆಯಾಡಿಸಿದರು, ಆಗುವುದಿಲ್ಲ, ನೂಲು ದಪ್ಪ, ಆ ಅಳತೆಯಲ್ಲಿ ಅದು ಹಗ್ಗದ ಚಾಪೆಯ ಹಾಗೆ ಕಾಣುತ್ತದೆ. ತೆಳು ಟಿಶ್ಯೂ ಕಾಗದದ ಚೂರನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ, ಉದ್ದಕ್ಕೆ ಐದು ಮಿಲಿಮೀಟರ್, ಅಗಲಕ್ಕೆ ಮೂರು, ಹೀಗೆ ಕತ್ತರಿಸಿ ನಾಲ್ಕನೇ ಲಿವರಿನ ಹಿಡಿಯ ಮೇಲೆ ಮಡಿಸಿ ಹಾಕಿದರು. ಅವರ ಕಡೆಯ ಬಟ್ಟೆ ಬರೀ ಬಿಳಿ ಇರುತ್ತಿತ್ತು ಎಂದು ನನಗೆ ಅವರೇ ಹಿಂದೆ ಹೇಳಿದ್ದರು. ಆದರೆ ಅದು ಒಣಗಿದ ಮೇಲೆ ಮೂರು ರೋಮದ ಕುಂಚವನ್ನು ತಾವೇ ತೆಗೆದುಕೊಂಡು, ಅಪ್ಪನ ಹೆಗಲ ಕಡೆ ಒಮ್ಮೆ, ಕೆಳಗೆ ಒಮ್ಮೆ ನೋಡುತ್ತಾ ಕೆಂಪು ಚೌಕಳಿ ಬರೆದರು. ಅದು ಆ ಮೇಜಿನ ಮೇಲಿನ ಎರಡನೆಯ ಸುಳ್ಳು.

ಆಮೇಲೆ ಮಾಡನ್ನು ಮತ್ತೆ ಕೂರಿಸಿದರು. ಹೊರಗಿನಿಂದ ನೋಡಿದರೆ ಚೌಕ ಕಾಣುವುದಿಲ್ಲ.